ಕಾಲೂರಿದಲ್ಲೆಲ್ಲ ಒಂದು ಚಿಂದಿ

ಮೇಸ್ತ್ರಿಗೆ ಎರಡು ಕಸುಬು. ವಾರದಲ್ಲಿ ಆರು ದಿನ ಜನರ ಬಚ್ಚಲುಮನೆಗಳಲ್ಲಿ ಟೈಲ್ಸ್ ಕೂರಿಸುವುದು, ಏಳನೆಯ ದಿನ ಊರ ಹಿಂದಿನ ಬೆಟ್ಟದಲ್ಲಿ ಸೈಕಲ್ ಕ್ಲಬ್ಬಿನವರಿಗಾಗಿ ಜಾಡು ಕಡಿಯುವುದು. ಎರಡೂ ಒಂದೇ ಕೆಲಸ ಎಂದು ಅವನ ವಾದ. “ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿ ಹರಿದುಹೋಗುತ್ತೆ ಅಂತ ಗೊತ್ತಿದ್ರೆ ಸಾಕು. ಬಚ್ಚಲಾದ್ರೇನು, ಬೆಟ್ಟ ಆದ್ರೇನು?” ಅನ್ನುತ್ತಿದ್ದ. ಗೇಣುದ್ದದ ರಸಮಟ್ಟವೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಯಾರದೋ ಮನೆಯಲ್ಲಿ ಟೀ ಕುಡಿಯಲು ಕೂತರೂ ಅದನ್ನು ಮೇಜಿನ ಮೇಲಿಟ್ಟು, ಒಳಗಿನ ಗುಳ್ಳೆ ಯಾವ ಕಡೆ ಸರಿಯುತ್ತದೆ ಎಂದು ನೋಡದಿದ್ದರೆ ಅವನಿಗೆ ಟೀ ಇಳಿಯುತ್ತಿರಲಿಲ್ಲ. ಆ ಮನೆಯವರಿಗೆ ಇದರಿಂದ ಸಂತೋಷವಾಗುತ್ತಿತ್ತು ಎಂದು ಹೇಳಲಾರೆ.

ಬೆಟ್ಟದಲ್ಲಿ ಎರಡು ಜಾಡುಗಳಿದ್ದವು, ಎರಡೂ ಅವನು ಕಡಿದವೇ. ಒಂದಕ್ಕೆ ಹುಡುಗರು ಇಟ್ಟ ಹೆಸರು ಹಲ್ಲುಮುರುಕ. ಬಂಡೆಯಿಂದ ಬಂಡೆಗೆ ಧುಮುಕುತ್ತ ಇಳಿಯುವ ಈ ಜಾಡಿಗಾಗಿ ದೂರದೂರದ ಪಳಗಿದ ಸವಾರರು ಬರುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. “ಬೇರೆ ಹೆಸರೇ ಸಿಗಲಿಲ್ವೇನ್ರೀ? ಜನ ನನ್ನನ್ನೇ ಅನುಮಾನಿಸ್ತಾರೆ!” ಎಂದು ಅವರು ಗೊಣಗುತ್ತಿದ್ದರು. ಇನ್ನೊಂದು, ಹಸಿರು ಹಲಗೆ ನೆಟ್ಟ ಹೊಸಬರ ಜಾಡು. ಅದನ್ನು ಮೇಸ್ತ್ರಿ ಹಿಂದೊಮ್ಮೆ ಎರಡೇ ಭಾನುವಾರಗಳಲ್ಲಿ ಕಡಿದು ಮುಗಿಸಿ, ತಾನೇ ಒಂದು ಸಲ ಶಿಳ್ಳೆ ಹಾಕುತ್ತ ಇಳಿದು, “ಮಗು ಕೂಡ ಇಳಿಯುತ್ತೆ” ಎಂದು ಗುದ್ದಲಿ ಹೆಗಲಿಗೇರಿಸಿಕೊಂಡು ಬಂದಿದ್ದ.

ಮಗು ಇಳಿಯುತ್ತಿತ್ತೋ ಏನೋ, ದೊಡ್ಡವರಂತೂ ಬೀಳುತ್ತಿದ್ದರು. ತಿಂಗಳಿಗೆ ಐದಾರು ಹೊಸಬರು ಹುರುಪಿನಿಂದ ಬಂದರೆ ಮುಂದಿನ ಭಾನುವಾರ ಒಬ್ಬರು ಉಳಿದರೆ ಹೆಚ್ಚು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೂರು ವರ್ಷದ ಹಿಂದೆ ಲೈಬ್ರರಿಯ ಮೇಡಂ ಎರಡನೆಯ ತಿರುವಿನಲ್ಲಿ ಬಿದ್ದಾಗ ಮೇಸ್ತ್ರಿ ಅಲ್ಲೇ ಇದ್ದ. “ಬ್ರೇಕ್ ಹಿಡಿದಿದ್ದಕ್ಕೇ ಬಿದ್ರಿ ಮೇಡಂ. ಹಿಡೀದೆ ಇದ್ದಿದ್ರೆ ಏನೂ ಆಗ್ತಿರಲಿಲ್ಲ” ಎಂದು ನಕ್ಕಿದ್ದ. ಆಕೆ ಅಂಗೈಗೆ ಚುಚ್ಚಿದ್ದ ಜಲ್ಲಿಯನ್ನು ಒಂದೊಂದಾಗಿ ಕಿತ್ತು, ಸೈಕಲ್ ತಳ್ಳಿಕೊಂಡು ಕೆಳಗಿಳಿದು ಹೋದರು. ಮತ್ತೆ ಬೆಟ್ಟದ ಕಡೆ ತಲೆ ಹಾಕಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಮೇಸ್ತ್ರಿಯೇ ಬಿದ್ದ. ಅದೂ ಹಲ್ಲುಮುರುಕದ ಮೂರನೆಯ ಬಂಡೆಯಲ್ಲಿ, ನೂರಾರು ಸಲ ಕಣ್ಣುಮುಚ್ಚಿ ಇಳಿದಿದ್ದ ಜಾಗದಲ್ಲಿ. ಹೆಗಲ ಮೂಳೆ ಮುರಿಯಿತು. ಎರಡು ತಿಂಗಳಲ್ಲಿ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಜಾಡಿನ ಮೇಲ್ತುದಿಯಲ್ಲಿ ಸೈಕಲ್ ಹತ್ತಿ ಕೂತರೆ ಸಾಕು, ಬೆರಳುಗಳು ಅವನನ್ನು ಕೇಳದೆಯೇ ಎರಡೂ ಬ್ರೇಕನ್ನು ಅಮುಕಿ ಹಿಡಿಯುತ್ತಿದ್ದವು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಒಂದು ಭಾನುವಾರ ಚೈನು ಸರಿಯಿಲ್ಲ, ಇನ್ನೊಂದು ಭಾನುವಾರ ಮಂಡಿನೋವು, ಮತ್ತೊಂದು ಭಾನುವಾರ ಯಾರದೋ ಅರ್ಜೆಂಟು ಬಚ್ಚಲು. ಅವನ ಮಾತು ನಂಬುವುದಾದರೆ ಊರಿಗೆ ಊರೇ ಭಾನುವಾರ ನೋಡಿ ಟೈಲ್ಸ್ ಹಾಕಿಸುತ್ತಿತ್ತು.

ಹೀಗಿರುವಾಗ ಅರಣ್ಯ ಕಚೇರಿಯಿಂದ ಕಾಗದ ಬಂತು. ಬೆಟ್ಟದ ಪಶ್ಚಿಮದ ಇಳಿಜಾರಿನಲ್ಲಿ ಇನ್ನೊಂದು ಜಾಡಿಗೆ ಅನುಮತಿ ಇದೆ, ಅದೇ ಕೊನೆಯದು. ಶನಿವಾರ ಮಧ್ಯಾಹ್ನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕುರ್ಚಿಗಳ ಮೇಲೆ, ಬಾಯ್ದೆರೆದ ದವಡೆಯ ಚಿತ್ರಪಟದ ಕೆಳಗೆ ಸಭೆ ಸೇರಿತು.

ಮೊದಲು ಎದ್ದವಳು ಮೇಸ್ತ್ರಿಯ ಮಗಳು. ಸೈಕಲ್ ಅಂಗಡಿಯಲ್ಲಿ ರಿಪೇರಿ ಕೆಲಸ ಅವಳದು, ಹಲ್ಲುಮುರುಕದಲ್ಲಿ ಅವಳಷ್ಟು ಬೇಗ ಇಳಿದವರು ಇನ್ನೂ ಯಾರೂ ಇಲ್ಲ. “ಆ ಇಳಿಜಾರಲ್ಲಿ ಎಂಥಾ ಬಂಡೆ ಇದೆ ನೋಡಿದ್ದೀರಾ ಸಾರ್? ಅದು ಇರೋದೇ ಇಳಿಯೋಕೆ. ಹಲ್ಲುಮುರುಕ ನಮಗೆ ಬಾಯಿಪಾಠ ಆಗಿಹೋಗಿದೆ.”

“ಹೋದ ವರ್ಷ ಹೊಸಬರು ಅರವತ್ತು ಜನ ಬಂದ್ರಮ್ಮ,” ಅಂದರು ಡಾಕ್ಟರು. “ಉಳಿದವರು ನಾಲ್ಕು. ನಾವೆಲ್ಲ ಮುದುಕರಾದ್ಮೇಲೆ ಈ ಜಾಡು ಯಾರು ತುಳೀತಾರೆ?”

“ಹೆದರೋರಿಗೆ ಊರೊಳಗೆ ಟಾರು ರಸ್ತೆ ಇದೆಯಲ್ಲ ಸಾರ್!”

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಸ್ತ್ರಿಯ ಕೈ ನಿಜಕ್ಕೂ ಹೆಗಲಿಗೇ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಡಾಕ್ಟರು, “ಕಡಿಯೋರು ಮೇಸ್ತ್ರಿ, ಅವರೇ ಹೇಳಲಿ” ಎಂದು ಕೈ ತೊಳೆದುಕೊಂಡರು.

“ಹೊಸಬರಿಗೆ ಮಾಡ್ತೀನಿ,” ಅಂದ ಮೇಸ್ತ್ರಿ.

ಮನೆಯವರೆಗೂ ಮಗಳು ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅವಳ ಬೆನ್ನು ನೋಡುತ್ತ ಬಂದ ಅಪ್ಪನಿಗೆ ತನ್ನ ಮೇಲೇ ಅನುಮಾನ. ತಾನು ಆಡಿದ್ದು ನ್ಯಾಯದ ಮಾತೋ, ಅಥವಾ ಹೆದರಿಕೆಗೆ ನ್ಯಾಯದ ಅಂಗಿ ತೊಡಿಸಿ ನಿಲ್ಲಿಸಿದ್ದೋ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಬಗೆಹರಿಯದಿದ್ದರೂ ಮಾತು ಕೊಟ್ಟಾಗಿತ್ತು.

ಮೇಸ್ತ್ರಿಯ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಮಿಶಿನ್ನಿನ ಕೆಳಗೆ ಕತ್ತರಿಸಿ ಬಿದ್ದ ಬಟ್ಟೆಯ ಚಿಂದಿಗಳನ್ನು ಅವನು ಒಂದು ಚೀಲಕ್ಕೆ ತುಂಬತೊಡಗಿದ.

“ಯಾಕ್ರೀ ಅದು?”

“ಜಾಡಿನ ಗುರುತಿಗೆ.”

ಅವಳು ಮಿಶಿನ್ ನಿಲ್ಲಿಸಿದಳು. “ಒಂದು ಮಾತು ಹೇಳ್ಲಾ? ಮದುವೆ ಆದಾಗಿಂದ ತಿಂಗಳಿಗೊಂದು ಸಲ ನಿಮ್ಮ ಪ್ಯಾಂಟಿನ ಮಂಡಿಗೆ ತೇಪೆ ಹಾಕಿದ್ದೀನಿ. ಈಗ ಐದು ತಿಂಗಳಾಯ್ತು, ಒಂದು ಹರಿದ ಪ್ಯಾಂಟೂ ಈ ಮಿಶಿನ್ನಿಗೆ ಬಂದಿಲ್ಲ.”

ಮೇಸ್ತ್ರಿ ಚೀಲದ ಬಾಯಿ ಬಿಗಿಯಾಗಿ ಕಟ್ಟಿದ.

“ನನಗೇನೂ ಹೇಳ್ಬೇಡಿ,” ಅಂದಳು ಅವಳು ಮತ್ತೆ ತುಳಿಯುತ್ತ. “ಮಗಳಿಗೆ ಹೇಳಿ. ಅಪ್ಪ ಬೇಕೂಂತಲೇ ತನ್ನ ಮಾತು ತೆಗೆದುಹಾಕಿದ ಅಂದ್ಕೊಂಡಿದ್ದಾಳೆ.”

ಹೇಳಲಿಲ್ಲ. ಗಂಡಸರ ಗಂಟಲಲ್ಲಿ ಕೆಲವು ಮಾತುಗಳು ಮೀನಿನ ಮುಳ್ಳಿನಂತೆ ಅಡ್ಡಡ್ಡ ನಿಲ್ಲುತ್ತವೆ. ಅದರ ಬದಲು ಅವನು ಬೆಳಿಗ್ಗೆ ಆರಕ್ಕೇ ಎದ್ದು ಪಶ್ಚಿಮದ ಇಳಿಜಾರಿಗೆ ಹೋದ. ಪೊದೆ ಸವರಿ ಒಂದು ಹಸಿಹಸಿ ಹಾದಿ ಬಿಡಿಸಿ, ತುದಿಯಲ್ಲಿ ಸೈಕಲ್ ಹತ್ತಿದ. ಬ್ರೇಕ್ ಬಿಡುವಂತೆ ಕೈಗಳನ್ನು ಬಲವಂತ ಮಾಡಲಿಲ್ಲ. ಅವು ಹೇಗೆ ಬಿಟ್ಟರೆ ಹಾಗೆ ಇಳಿದ. ಎಲ್ಲೆಲ್ಲಿ ಹೆದರಿ ಕಾಲು ನೆಲಕ್ಕೂರಿದನೋ ಅಲ್ಲೆಲ್ಲ ಒಂದು ಗೂಟ ಚುಚ್ಚಿ, ಒಂದು ಚಿಂದಿ ಕಟ್ಟಿದ.

ಕೆಳಗೆ ತಲುಪಿ ಕೂತು, ತಿರುಗಿ ಎಣಿಸಿದರೆ ಮೂವತ್ತೇಳು! ಯಾರದೋ ಮಗಳ ಲಂಗದ ಕೆಂಪು, ಯಾರದೋ ಕಿಟಕಿ ಪರದೆಯ ಹಳದಿ, ಶಾಲೆಯ ಸಮವಸ್ತ್ರದ ನೀಲಿ. ಇಳಿಜಾರಿನ ತುಂಬ ತನ್ನ ಪುಕ್ಕಲುತನವೇ ಬಣ್ಣಬಣ್ಣವಾಗಿ ಗಾಳಿಗೆ ಹಾರುವುದನ್ನು ನೋಡಿ ಅವನಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಯಾರಾದರೂ ನೋಡುವ ಮೊದಲು ಕಿತ್ತು ಹಾಕೋಣ ಎಂದು ಎದ್ದ.

ಎದ್ದವನು ಹಾಗೇ ನಿಂತ. ಚಿಂದಿಗಳು ಎಲ್ಲೆಂದರಲ್ಲಿ ಇರಲಿಲ್ಲ. ತಿರುವಿನ ಸ್ವಲ್ಪ ಮೊದಲು ಮೂರು, ಮರದ ಬೇರಿನ ಹತ್ತಿರ ನಾಲ್ಕು, ಹೀಗೆ ಗುಂಪುಗುಂಪಾಗಿದ್ದವು. ಅವನೊಳಗಿನ ಟೈಲ್ಸ್ ಮೇಸ್ತ್ರಿ ಎಚ್ಚರಗೊಂಡ. ಬಚ್ಚಲಲ್ಲಿ ನೀರು ಒಂದೇ ಕಡೆ ನಿಲ್ಲುತ್ತಿದ್ದರೆ ತಪ್ಪು ನೀರಿನದಲ್ಲವಷ್ಟೆ. ರಸಮಟ್ಟ ತೆಗೆದು ಒಂದೊಂದೇ ಚಿಂದಿಯ ಬಳಿ ಕುಕ್ಕರಗಾಲಲ್ಲಿ ಕೂತ. ಒಂದು ಕಡೆ ನೆಲ ಹೊರಕ್ಕೆ ವಾಲಿತ್ತು. ಇನ್ನೊಂದು ಕಡೆ ಸರಿಯಾಗಿ ಬ್ರೇಕ್ ಹಿಡಿಯುವ ಜಾಗದಲ್ಲೇ ಸಡಿಲ ಜಲ್ಲಿ. ಮತ್ತೊಂದು ಕಡೆ ಪೊದೆಯಿಂದಾಗಿ ಮುಂದಿನ ತಿರುವೇ ಕಾಣುತ್ತಿರಲಿಲ್ಲ.

ಆಗ ಅವನಿಗೆ ಲೈಬ್ರರಿಯ ಮೇಡಂ ನೆನಪಾದರು. ಆ ಎರಡನೆಯ ತಿರುವಿನಲ್ಲಿ ಅವನು ಒಮ್ಮೆಯೂ ಬ್ರೇಕ್ ಹಿಡಿದವನಲ್ಲ. ಹಿಡಿದವರ ಚಕ್ರದಡಿ ಏನು ಸಿಗುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತು ವರ್ಷ ಹೆದರಿಕೆಯೇ ಇಲ್ಲದವನು ಹೆದರುವವರಿಗಾಗಿ ಜಾಡು ಕಡಿದಿದ್ದ. ತಾನೇ ಇಳಿದು ನೋಡಿ ಸುಲಭ ಅಂದುಬಿಟ್ಟಿದ್ದ. ತಪ್ಪು ತನ್ನದು ಎಂದು ಅವನಿಗೆ ಅವತ್ತು ಮನದಟ್ಟಾಯಿತು. ಅದರ ಜೊತೆಗೇ, ಐದು ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದ ಪುಕ್ಕಲುತನ ಒಂದು ಕೆಲಸಕ್ಕೆ ಬಂತಲ್ಲ ಎಂದು ಸಮಾಧಾನವೂ ಆಯಿತು.

ಅಂದಿನಿಂದ ಕಡಿ, ಇಳಿ, ಕಟ್ಟು, ಮತ್ತೆ ಕಡಿ. ವಾಲಿದ ನೆಲವನ್ನು ಒಳಕ್ಕೆ ತಿರುಗಿಸಿದ, ಜಲ್ಲಿ ಕೆರೆದು ಗಟ್ಟಿ ಮಣ್ಣು ಬಡಿದ, ಪೊದೆ ತೆಗೆದು ತಿರುವಿಗೆ ಕಣ್ಣು ಕೊಟ್ಟ. ಮೂವತ್ತೇಳು ಇಪ್ಪತ್ತೆರಡಾಯಿತು, ಇಪ್ಪತ್ತೆರಡು ಒಂಬತ್ತಾಯಿತು.

ಒಂಬತ್ತಾದ ದಿನವೇ ಮಗಳು ಬಂದಳು. ಅಪ್ಪ ಬಂಡೆಯನ್ನು ಎಷ್ಟು ಹಾಳು ಮಾಡಿದ್ದಾನೆ ಎಂದು ನೋಡಲು ಬಂದವಳು, ಅವನು ಒಂದು ಸಾಧಾರಣ ತಿರುವಿನಲ್ಲಿ ಗಕ್ಕನೆ ನಿಂತು ಕಾಲೂರಿದ್ದನ್ನು ಕಂಡಳು. ಅವನು ಜೇಬಿನಿಂದ ಚಿಂದಿ ತೆಗೆದದ್ದನ್ನೂ ಕಂಡಳು.

“ಅಪ್ಪಾ, ಇವೆಲ್ಲ ನಿನ್ನವಾ?”

ಸುಳ್ಳು ಹೇಳಲು ಬೇಕಾದಷ್ಟು ನೆಪಗಳಿದ್ದವು. ಚೈನಿತ್ತು, ಮಂಡಿಯಿತ್ತು. “ಹೌದು ಕಣೇ,” ಅಂದ. “ಬಿದ್ದ ಮೇಲೆ ನನಗೆ ಹೆದರಿಕೆ. ಹಲ್ಲುಮುರುಕದ ಹತ್ರ ಹೋದ್ರೆ ಕೈ ಬ್ರೇಕ್ ಬಿಡೋದೇ ಇಲ್ಲ. ಮೊದಲು ಮೂವತ್ತೇಳು ಇದ್ವು.”

ಮಗಳ ಮುಖ ಕೆಂಪಾಯಿತು. “ಮತ್ತೆ ನಾನು ಅವತ್ತು ಎಲ್ಲರೆದುರು ಹೆದರೋರು ಅಂತ ಹಾಗೆ ಮಾತಾಡ್ತಿದ್ರೆ ಸುಮ್ನೆ ಕೂತಿದ್ಯಲ್ಲಪ್ಪ! ಬಾಯಿ ಮುಚ್ಚೇ ಅಂತ ಒಂದು ಮಾತು ಅನ್ನಬಾರದಿತ್ತಾ?” ಅಂದಳು. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡಳು. ಆಮೇಲೆ ಅವನ ಕೈಯಿಂದ ಚಿಂದಿ ಕಿತ್ತುಕೊಂಡು ತಾನೇ ಗೂಟಕ್ಕೆ ಕಟ್ಟಿದಳು. “ಸರಿ, ಇಲ್ಲೇನಾಯ್ತು ಹೇಳು. ಎಡಗಡೆ ಬ್ರೇಕಾ, ಬಲಗಡೆನಾ?”

ಅಷ್ಟಕ್ಕೇ ಸೋತಳು ಎಂದುಕೊಳ್ಳಬೇಡಿ, ಅವಳು ಮೇಸ್ತ್ರಿಯ ಮಗಳು. ಇಳಿಜಾರಿನ ನಡುವೆ ಆನೆಯ ಬೆನ್ನಿನಷ್ಟಿದ್ದ ಬಂಡೆಯನ್ನು ಹತ್ತಿ ನಿಂತು, “ಇದನ್ನ ಮಾತ್ರ ನಾನು ಬಿಡಲ್ಲ. ನಿನ್ನ ಜಾಡು ಇದನ್ನ ಸುತ್ತಿಕೊಂಡು ಹೋಗಲಿ, ನನ್ನದು ಮೇಲಿಂದ ಹೋಗಿ ಕೆಳಗೆ ಸೇರ್ಕೊಳ್ಳುತ್ತೆ” ಅಂದಳು.

“ಹೊಸಬರು ತಪ್ಪಿ ಇದಕ್ಕೆ ನುಗ್ಗಿದ್ರೆ?”

ಇಬ್ಬರೂ ಬಂಡೆಯ ಮೇಲೇ ಕೂತು ಜಗಳವಾಡಿದರು. ಎಷ್ಟೋ ದಿನಗಳ ಮೇಲೆ ಆಡಿದ ಒಳ್ಳೆಯ ಜಗಳ. ಹಲ್ಲುಮುರುಕದ ತಪ್ಪನ್ನು ಕಂಡುಹಿಡಿದವಳು ಮಗಳೇ. ಅದರ ಬಾಗಿಲು ನುಣುಪು, ಬಾ ಬಾ ಎಂದು ಕರೆಯುತ್ತದೆ. ಕಷ್ಟವೆಲ್ಲ ನಡುವೆ, ಹಿಂದಿರುಗಲಾಗದ ಕಡೆ. ಇಲ್ಲಿ ತಿರುಗುಮುರುಗು ಮಾಡೋಣ ಎಂದಳು. ನೇರ ಹೋಗುವ ಹಾದಿ ಹೊಸಬರದು. ಬಂಡೆಗೆ ಹೋಗಬೇಕೆಂದರೆ ಬೇಕೆಂದೇ ಪಕ್ಕಕ್ಕೆ ಹೊರಳಬೇಕು, ಹೊರಳಿದ ಕೂಡಲೇ ಮೊಣಕಾಲೆತ್ತರದ ಒಂದು ಕಲ್ಲು ಹೊಸ್ತಿಲಿನಂತೆ ಅಡ್ಡ ಇರಬೇಕು. ಅದನ್ನು ದಾಟಲಾಗದವರಿಗೆ ಮುಂದಿನದೂ ಆಗದು ಎಂದು ಅಲ್ಲೇ, ಮಂಡಿ ಒಡೆಯುವ ಮೊದಲೇ ಗೊತ್ತಾಗುತ್ತದೆ. ಮೇಸ್ತ್ರಿ ಕಲ್ಲು ಹುಡುಕಲು ಹೊರಟ.

ತಿಂಗಳು ಕಳೆಯುವಷ್ಟರಲ್ಲಿ ಹೊಸಬರ ಹಾದಿಯಲ್ಲಿ ಒಂದು ಚಿಂದಿಯೂ ಉಳಿಯಲಿಲ್ಲ. ಮಗಳು ಕುಣಿದಾಡಿದರೆ ಮೇಸ್ತ್ರಿಗೆ ಹೊಸ ಹುಳ ಹೊಕ್ಕಿತು. ಸುಧಾರಿಸಿದ್ದು ಜಾಡೋ, ತಾನೋ? ತನಗೆ ಧೈರ್ಯ ಬರುತ್ತಿದ್ದರೆ ತನ್ನ ಕಾಲಿನ ಲೆಕ್ಕ ಇನ್ನು ನಂಬುವಂತಿಲ್ಲ. ಮತ್ತೆ ಅದೇ ಹಳೆಯ ತಪ್ಪು ಮಾಡಲು ಅವನು ತಯಾರಿರಲಿಲ್ಲ.

ಸೋಮವಾರ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಲೈಬ್ರರಿಗೆ ಹೋದ. ಮೇಡಂ ಮೇಜಿನ ಹಿಂದೆ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದರು.

“ನೀವು ಅವತ್ತು ಬಿದ್ದಿದ್ದು ನಿಮ್ಮ ತಪ್ಪಿಂದಲ್ಲ ಮೇಡಂ. ತಪ್ಪು ನಂದು. ಆ ತಿರುವನ್ನ ನಾನು ಸರಿಯಾಗಿ ಕಡಿದಿರಲಿಲ್ಲ,” ಅಂದ.

ಆಕೆ ಮುದ್ರೆಯನ್ನು ಕೆಳಗಿಟ್ಟರು. “ಇದನ್ನ ಹೇಳೋಕೆ ಮೂರು ವರ್ಷ ಬೇಕಾಯ್ತಾ?”

“ನಾನು ಬೀಳೋಕೆ ಅಷ್ಟು ಹೊತ್ತು ಹಿಡೀತು.”

ಮೇಡಂ ನಕ್ಕುಬಿಟ್ಟರು. ಲೈಬ್ರರಿಯಲ್ಲಿ ಗಟ್ಟಿಯಾಗಿ ನಗಬಾರದು ಎಂಬ ಹಲಗೆ ಅವರ ತಲೆಯ ಮೇಲೇ ಇತ್ತು.

ಭಾನುವಾರ ಅವರು ಬಂದರು. ಕೈಗೆ ಎರಡು ಜೊತೆ ಗವಸು ಹಾಕಿಕೊಂಡಿದ್ದರು. ಮೇಸ್ತ್ರಿ, ಮಗಳು, ಡಾಕ್ಟರು ಕೆಳಗೆ ನಿಂತು ಕಾದರು. ಮೇಡಂ ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿದರು, ನೆಲವೂ ಅವರನ್ನು ಹಿಡಿದುಕೊಂಡಿತು. ಎರಡನೆಯದು, ಬೇರು, ಮೂರನೆಯದು. ಬಂಡೆಯ ಬಳಿ ಬಂದವರು ಗಕ್ಕನೆ ನಿಂತು ಕಾಲೂರಿದರು. ಮೇಸ್ತ್ರಿ ಚಿಂದಿ ಹಿಡಿದು ಏದುಸಿರು ಬಿಡುತ್ತ ಮೇಲಕ್ಕೋಡಿದ.

“ಇಲ್ಲೇನಾಯ್ತು ಮೇಡಂ? ಜಲ್ಲಿ ಇತ್ತಾ? ನೆಲ ವಾಲಿದೆಯಾ?”

“ಏನೂ ಆಗಿಲ್ಲ,” ಅಂದರು ಅವರು. ಅವರ ಕಣ್ಣು ಪಕ್ಕದ ಹೊಸ್ತಿಲುಗಲ್ಲಿನ ಮೇಲೆ, ಅದರಾಚೆಯ ಬಂಡೆಯ ಮೇಲೆ ಇತ್ತು. “ಅದನ್ನ ನೋಡೋಣ ಅಂತ ನಿಂತೆ. ಇದನ್ನ ಇಳಿಯೋಕೆ ಎಷ್ಟು ದಿನ ಕಲೀಬೇಕು? ನೀವು ಇಳಿದಿದ್ದೀರಾ?”

“ಇಲ್ಲ,” ಅಂದ ಮೇಸ್ತ್ರಿ. ಕೆಳಗೆ ನಿಂತಿದ್ದವರಿಗೂ ಕೇಳಲಿ ಎಂಬಂತೆ ಗಟ್ಟಿಯಾಗಿಯೇ ಅಂದ. “ಇನ್ನೂ ಇಲ್ಲ.”

ಅವತ್ತು ಮಧ್ಯಾಹ್ನ ಮೇಸ್ತ್ರಿ ಮನೆಗೆ ಬರುವುದು ತಡವಾಯಿತು. ಹಿಂದೆಯೇ ಮಗಳು, ಬಾಯಿ ಬಿಡದಿದ್ದರೂ ಕಣ್ಣಲ್ಲೇ ಊರಿಗೆಲ್ಲ ಸುದ್ದಿ ಹೇಳುವ ಮುಖ ಹೊತ್ತು ಬಂದಳು. ಅವನು ಬಟ್ಟೆ ಬದಲಾಯಿಸಿ, ಕಳಚಿದ ಪ್ಯಾಂಟನ್ನು ತಂದು ಹೆಂಡತಿಯ ಮಿಶಿನ್ನಿನ ಮೇಲಿಟ್ಟ. ಬಲ ಮಂಡಿಯ ಹತ್ತಿರ ಅಂಗೈಯಗಲ ಹರಿದಿತ್ತು, ಅಂಚಿನಲ್ಲಿ ಬಂಡೆಯ ಹಸಿರು ಪಾಚಿ ಮೆತ್ತಿತ್ತು.

ಹೆಂಡತಿ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಕೈಯಲ್ಲಿದ್ದ ಬೇರೆಯವರ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಸೂಜಿಗೆ ದಾರ ಪೋಣಿಸಿದಳು.

“ಅಂತೂ ಕೆಲಸ ಕೊಟ್ರಲ್ಲ,” ಅಂದಳು.