ಸುಂದ್ರವ್ವಾಯಿಯ ಎಣ್ಣೆ ಮತ್ತು ನನ್ನ ಜಾಣತನ

ಬೇಕೆಂದೇ ಸೊಳ್ಳೆಯಿಂದ ಕಡಿಸಿಕೊಳ್ಳುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ನಮ್ಮ ಕೊಗನೊಳ್ಳಿಯಲ್ಲಿ, ನಮ್ಮ ಎದುರುಮನೆಯಲ್ಲೇ ಇದ್ದಾಳೆ. ಸುಂದ್ರವ್ವಾಯಿ. ವಯಸ್ಸು ಅರವತ್ತೆಂಟು.

ಹೊತ್ತು ಮುಳುಗುವಾಗ ಗಟಾರದ ಪಕ್ಕದ ಕಟ್ಟೆಗೆ ಬಂದು ಕೂರುತ್ತಾಳೆ. ಎಡಗೈಗೆ ತಾನು ಕಾಸಿದ ಹೊಸ ಎಣ್ಣೆ, ಬಲಗೈ ಬರಿದು. ಬಲಗೈಗೆ ಸೊಳ್ಳೆ ಮುತ್ತಿದರೂ ಅಲುಗುವುದಿಲ್ಲ ಮಹಾರಾಯ್ತಿ! ಎಡಗೈಯ ಮೇಲೆ ಮೊದಲ ಸೊಳ್ಳೆ ಯಾವಾಗ ಕೂರುತ್ತದೆ ಎಂದು ಕಾಯುತ್ತಾಳೆ. ಗಡಿಯಾರವೆಂದರೆ ನಮ್ಮ ಮನೆಯ ಟಿ.ವಿ. "ನೀಲಮಾ, ಎಷ್ಟನೇ ಸೀರಿಯಲ್ ನಡದೈತಬೇ?" ಎಂದು ನನ್ನ ಹೆಂಡತಿಯನ್ನು ಕೂಗಿ ಕೇಳುತ್ತಾಳೆ.

"ಮೂರನೇದ್ರಿ ಆಯಿ."

"ಥೋ, ಮೂರಕ್ಕೇ ಬಂದು ಕುಂತ್ವು. ಈ ಸಲ ಲಕ್ಕಿ ತಪ್ಪಲ ಕಡಿಮಿ ಬಿದ್ದೈತಿ" ಎಂದು ಗೊಣಗುತ್ತ ಎದ್ದು ಹೋಗುತ್ತಾಳೆ. ನಾಲ್ಕು ಸೀರಿಯಲ್ ತಡೆಯದ ಎಣ್ಣೆ ಆಕೆಯ ಮನೆಯ ಹೊಸ್ತಿಲು ದಾಟುವುದಿಲ್ಲ.

ಮೂವತ್ತೆರಡು ವರ್ಷ ಆಕೆ ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಜರಡಿ ಹಿಡಿದು ದುಡಿದವಳು. ಕೂಲಿ ಹೆಂಗಸರ ಕೂಸುಗಳು ವಖಾರದ ಹಿಂದಿನ ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿದ್ದವು. ಸಂಜೆ ಎತ್ತಿಕೊಳ್ಳಲು ಹೋದರೆ ಮುಖವೆಲ್ಲ ದದ್ದು. ಆಕೆಯ ಮಗಳು ಗಂಗಾಳ ರೆಪ್ಪೆ ಒಂದು ದಿನ ಊದಿ ಕಣ್ಣೇ ತೆರೆಯಲಿಲ್ಲವಂತೆ. ಅವತ್ತು ಹಿಡಿದ ಹಟ. ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮಂದೆ ತರುಬುವ ಹೆಂಗಸರನ್ನು ಕೇಳಿ ಕೇಳಿ ಒಂದೊಂದೇ ತಪ್ಪಲಿನ, ಅಂದರೆ ಸೊಪ್ಪಿನ, ಗುಣ ಕಲಿತಳು. ಬೇವು, ಲಕ್ಕಿ, ತುಳಸಿ, ಗವತಿ ಚಹಾ ಎನ್ನುವ ನಿಂಬೆಹುಲ್ಲು. ಎಲ್ಲವನ್ನೂ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಗರಿಗರಿಯಾಗುವವರೆಗೆ ಕಾಸಿ, ಹಳೆಯ ಧೋತರದಲ್ಲಿ ಸೋಸುತ್ತಾಳೆ. ಬಾಣಂತಿಯ ಕೂಸಿಗೂ ಅದೇ, ಎಮ್ಮೆಗೂ ಅದೇ, ನಾಯಿಗೂ ಅದೇ. ಯಾರಿಂದಲೂ ಒಂದು ಪೈಸೆ ಮುಟ್ಟಿದವಳಲ್ಲ.

ಇನ್ನು ನನ್ನ ವಿಷಯ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಹೆಸರು ವಿಕ್ರಾಂತ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ನಾಯಿ ಕಾಳ್ಯಾನ ಕಿವಿ ತುಂಬ ಉಣ್ಣಿ. ಆಯಿ ಒಂದು ಶೀಷೆ ಎಣ್ಣೆ ಕೊಟ್ಟು, ದಿನಕ್ಕೆರಡು ಸಲದಂತೆ ಹದಿನೈದು ದಿನ ಹಚ್ಚು ಎಂದಳು. ಹದಿನೈದು ದಿನ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಅಟ್ಟದ ಮೇಲೆ ತಂಬಾಕಿನ ದಂಟಿತ್ತು. ನಮ್ಮ ಕಡೆ ಯಾರ ಅಟ್ಟದಲ್ಲಿಲ್ಲ! ಅದನ್ನು ಕುದಿಸಿದ ನೀರನ್ನು ನಮ್ಮಪ್ಪ ಬೆಳೆಯ ಹುಳಕ್ಕೆ ಹೊಡೆಯುತ್ತಿದ್ದ. ಹುಳ ಸಾಯುವುದಾದರೆ ಉಣ್ಣಿ ಯಾವ ಲೆಕ್ಕ ಎಂದುಕೊಂಡೆ. ದಂಟನ್ನು ಒಂದು ಚರಿಗೆ ನೀರಲ್ಲಿ ಗಟ್ಟಿ ಕಷಾಯವಾಗುವಂತೆ ಕುದಿಸಿ ಆಯಿಯ ಎಣ್ಣೆಗೆ ಬೆರೆಸಿದೆ. ಭಾನುವಾರ ಬೆಳಿಗ್ಗೆ ಕಾಳ್ಯಾನ ಮೈಗೆಲ್ಲ ಮೆತ್ತಿದೆ.

ಅರ್ಧ ತಾಸೂ ಆಗಿರಲಿಲ್ಲ. ಮೈ ನೆಕ್ಕಿಕೊಳ್ಳುತ್ತಿದ್ದ ನಾಯಿ ವಾಂತಿ ಮಾಡಿತು. ಬಾಯಿಂದ ಜೊಲ್ಲು, ಕಾಲು ಗಡಗಡ. ಅಂಗಳದಲ್ಲೇ ಕುಸಿಯಿತು. ಮಗಳು ಮಯೂರಿ ಚೀರಿದ್ದಕ್ಕೆ ಓಣಿಯೇ ಕೂಡಿತು. ಆಯಿಯೂ ಬಂದಳು.

"ಇದರಾಗ ಏನರ ಕೂಡಿಸೀಯೇನೋ?"

"ಏನಿಲ್ಲ ಆಯಿ. ನೀ ಕೊಟ್ಟಿದ್ದನ್ನ ಹಂಗ ಹಚ್ಚೇನಿ."

ಯಾಕೆ ಸುಳ್ಳು ಹೇಳಿದೆ? ಮರ್ಯಾದೆ, ಸ್ವಾಮಿ! ವಿಜ್ಞಾನದ ಮಾಸ್ತರ ಸ್ವಂತ ನಾಯಿಗೆ ವಿಷ ಹಚ್ಚಿದ ಎಂದು ಅಷ್ಟು ಜನರೆದುರು ಹೇಗೆ ಹೇಳಲಿ? ಆಯಿ ಶೀಷೆ ಮೂಸಿದಳು. ಅವಳಿಗೆ ತಂಬಾಕು ಗೊತ್ತಾಗಲಿಲ್ಲ. ಮೂವತ್ತೆರಡು ವರ್ಷ ವಖಾರದ ಧೂಳು ಕುಡಿದ ಮೂಗು ಅದು. ಸಾಲದ್ದಕ್ಕೆ ನಮ್ಮ ಗೋಡೆ, ಹಾಸಿಗೆ, ಅಂಗಿ ಎಲ್ಲಕ್ಕೂ ಅದೇ ವಾಸನೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು.

"ಸಾಬಾನ ಹಚ್ಚಿ ತೊಳಿ. ನೆಕ್ಕಾಕ ಬಿಡಬ್ಯಾಡ. ದನದ ಡಾಕ್ಟರಗ ಫೋನ್ ಹಚ್ಚು" ಎಂದವಳೇ ಸೆರಗು ಸಿಕ್ಕಿಸಿ ಬರಿಗಾಲಲ್ಲಿ ಓಡಿದಳು.

ಡಾಕ್ಟರಿಗೆ ಫೋನ್ ಮಾಡಿದೆ. ಏನು ಹಚ್ಚಿದ್ದು ಎಂದು ಅವರು ಕೇಳಿದರೆ, ಗಿಡಮೂಲಿಕೆ ಎಣ್ಣೆ ಎಂದೆ. ನೋಡಿ ನನ್ನ ಧೈರ್ಯ! ನೀಲಮ ನೀರು ಸುರಿಯುತ್ತಿದ್ದಳು, ನಾನು ಸಾಬೂನು ಉಜ್ಜುತ್ತಿದ್ದೆ. ಆಗ ಓಣಿಯ ಕಡೆಯಿಂದ ಆಯಿಯ ದನಿ ಕೇಳಿತು.

"ಎಣ್ಣಿ ಹಚ್ಚಿದ ಕೂಸುಗಳ ಮೈ ತೊಳೀರಬೇ! ನನ್ನ ಎಣ್ಣಿ ಕೆಟ್ಟೈತಿ! ಚೆಲ್ರಿ, ಎಲ್ಲಾ ಚೆಲ್ರಿ!"

ಆ ಸಲ ಕಾಸಿದ ಎಣ್ಣೆ ಹತ್ತೊಂಬತ್ತು ಮನೆಗೆ ಹೋಗಿತ್ತು. ಆಯಿ ಒಂದೊಂದೇ ಬಾಗಿಲು ಬಡಿಯುತ್ತಿದ್ದಳು. ಎರಡು ತಿಂಗಳ ಬಾಣಂತಿ ತ್ರಿಶಲಾ, "ಕೂಸಿಗೆ ಹಚ್ಚೂಮುಂದ ಗೊತ್ತಿರ್ಲಿಲ್ಲೇನ ನಿನಗ?" ಎಂದು ಬಾಯಿಗೆ ಬಂದಂತೆ ಬೈದಳು. "ಆಮ್ಯಾಲ ಬೈಯಂತಿ, ಮೊದಲ ನೀರ ಕಾಸು" ಎಂದು ಆಯಿ ಮುಂದಿನ ಮನೆಗೆ ಓಡಿದಳು.

ನನ್ನ ಕೈಯಲ್ಲಿದ್ದ ಸಾಬೂನು ಜಾರಿತು. ನಲವತ್ತು ವರ್ಷ ಸ್ವಂತ ಕೈ ಕಡಿಸಿಕೊಂಡು ಗಳಿಸಿದ ಹೆಸರು! ಅದನ್ನು ಆ ಮುದುಕಿ ಒಂದು ಗಳಿಗೆಯೂ ಯೋಚಿಸದೆ ತಾನೇ ಗಟಾರಕ್ಕೆ ಸುರಿಯುತ್ತಿದ್ದಳು. ನಾನು ಒಂದು ಸುಳ್ಳನ್ನೂ ಬಿಡಲಾರದೆ ಕೂತಿದ್ದೆ. ಓಡಿಹೋಗಿ ಓಣಿಯ ನಡುವೆ ನಿಂತು ಕೂಗಿದೆ.

"ತಂಬಾಕು! ನಾ ತಂಬಾಕಿನ ನೀರ ಕೂಡಿಸೇನಿ! ಆಯಿದೇನೂ ತಪ್ಪಿಲ್ಲ!"

ಜನ ನನ್ನತ್ತ ತಿರುಗಿದರು. ಆಯಿ ಬಯ್ಯಲಿಲ್ಲ. "ಡಾಕ್ಟರಗ ಹೇಳೀಯಿಲ್ಲೋ ಇದನ್ನ?"

"ಇಲ್ಲ."

"ಮೂಳ, ಓಡು ಹಂಗಾರ!"

ಎರಡನೇ ಸಲ ಫೋನ್ ಮಾಡಿ ನಿಜ ಹೇಳಿದೆ. ಡಾಕ್ಟರು ಅದಕ್ಕೆ ತಕ್ಕ ಔಷಧ ಹಿಡಿದು ಬಂದರು, ಸಲೈನ್ ಹಚ್ಚಿದರು. ಆಯಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೊಲ್ಲು ಒರೆಸುತ್ತ ಕೂತಳು. ಮಧ್ಯಾಹ್ನ ಮೂರರ ಸುಮಾರಿಗೆ ಕಾಳ್ಯಾ ತಲೆ ಎತ್ತಿ, ಅವಳ ಬೊಗಸೆಯಿಂದ ನಾಲ್ಕು ಗುಟುಕು ನೀರು ಕುಡಿಯಿತು. ಮಯೂರಿ ಅಳುತ್ತಲೇ ನಕ್ಕಳು.

ಜನರೆಲ್ಲ ಹೋದ ಮೇಲೆ ಆಯಿಯ ಕಾಲು ಹಿಡಿದೆ. "ನಾ ಸುಳ್ಳ ಹೇಳಾಕತ್ತೇನಂತ ನಿನಗ ಒಂದ ಸಲಾನೂ ಅನಿಸ್ಲಿಲ್ಲೇನ ಆಯಿ?"

"ಅನಿಸ್ತಲ್ಲ. ನಿನ್ನ ಮಾರಿ ನೋಡಿದ ಕೂಡ್ಲೆ ಅನಿಸ್ತು."

"ಮತ್ತ್ಯಾಕ ನಿನ್ನ ಹೆಸರ ನೀನ ಕೆಡಿಸ್ಕೊಂಡಿ?"

ದಡ್ಡ ವಿದ್ಯಾರ್ಥಿಯನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು.

"ನಿನ್ನ ಬಾಯಿಂದ ಖರೇ ಹೊರಡಸಾಕ ಹೊತ್ತ ಬೇಕಲ್ಲೋ ಮಾಸ್ತರಾ. ಅಷ್ಟರಾಗ ಯಾವುದರ ಕೂಸು ಎಣ್ಣಿ ಹಚ್ಚಿದ ಕೈ ಬಾಯಾಗ ಇಟ್ಕೊಂಡಿದ್ರ?"