ಬಗ್ಗೋದು ಬೇರೆ, ಮಡಚೋದು ಬೇರೆ

ತೊಂಬತ್ತೆಂಟರಲ್ಲಿ ಅಕ್ಕ ಮೈಸೂರಿನ ಲ್ಯಾಬಿನಲ್ಲಿ ವರ್ಷವಿಡೀ ಕೂತು ಮಾಡಿದ್ದು ಇಷ್ಟೇ: ಅಂಗೈಯಗಲದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬೆಳ್ಳಿಯ ಸಣ್ಣ ಗೆರೆಗಳು. ಬಿಸಿಲು ಬಿದ್ದರೆ ಹಾಳೆಯಲ್ಲಿ ಕರೆಂಟು ಹುಟ್ಟುತ್ತೆ, ಗೆರೆಗಳು ಅದನ್ನು ಹೊರಗೆ ತರುತ್ತವೆ. ಶ್ರೀರಂಗಪಟ್ಟಣದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಹಾಗೇ ಇದೂ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬೆಳ್ಳಿಯ ಲೇಪ ಹಾಕಿ, ರಬ್ಬರಿನಿಂದ ಒಂದು ಸಲ ಎಳೆಯೋದು.

"ಅಂಗಾದ್ರೆ ನೀನು ಎಂಎಸ್ಸಿ ಓದಿದ್ದು ಕಾರ್ಡು ಹೊಡೆಯಕ್ಕಾ?" ಅಂತ ನಾನೇ ಕೆಣಕಿದ್ದೆ. ದೇವರಿಂದ ಹಿಡಿದು ದಿನಪತ್ರಿಕೆಯವರೆಗೆ ಯಾವುದನ್ನೂ ನಂಬದವನು ನಾನು. ಮನೆ ಜಗುಲಿಯ ಬಿಸಿಲಲ್ಲಿ, ಹಾಳೆಗೆ ತಂತಿಯಿಂದ ಸಿಕ್ಕಿಸಿದ ಮೀಟರಿನ ಮುಳ್ಳು ಎದ್ದ ಮೇಲೆ ಬಾಯಿ ಮುಚ್ಚಿದೆ.

ಅವಳಿಗೆ ಬರುತ್ತಿದ್ದ ಸಹಾಯಧನ ಮುಗಿದಿತ್ತು. ನಾಗಮಂಗಲದಲ್ಲಿ ನಮ್ಮ ಕಡೆಯ ಮಕ್ಕಳನ್ನು ಓದಿಸುವ ದೊಡ್ಡ ಯಜಮಾನರೊಬ್ಬರಿದ್ದರು. ಅವರು ಹೂಂ ಅಂದರೆ ಅಕ್ಕನಿಗೆ ಮತ್ತೆ ಮೈಸೂರಿನ ಲ್ಯಾಬು, ಇಲ್ಲವಾದರೆ ಕೆ.ಆರ್.ಪೇಟೆಯ ನಮ್ಮ ಮನೆ. ಇಬ್ಬರೂ ಹೋದೆವು.

ಯಜಮಾನರ ಅಂಗಳದಲ್ಲೂ ಮುಳ್ಳು ಎದ್ದಿತು. ಸುತ್ತ ಕೂತಿದ್ದವರು ಕತ್ತು ಚಾಚಿದರು.

"ಗಾಜಿನಂಗಲ್ಲ ಸಾರ್, ಬಗ್ಗುತ್ತೆ," ಅಂದಳು ಅಕ್ಕ.

"ಎಲ್ಲಿ, ಕೊಡವ್ವ ಇಲ್ಲಿ."

ಇಸ್ಕೊಂಡವರು ಅದನ್ನು ನಡುವಿಗೆ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಒತ್ತಿ ಎಳೆದರು. ಬಿಡಿಸಿ ವಾಪಸ್ ಕೊಟ್ಟರು. ಗೆರೆಗಳೆಲ್ಲ ಮಡಿಕೆಯಲ್ಲಿ ತುಂಡಾಗಿದ್ದವು. ಮುಳ್ಳು ಅಲುಗಲಿಲ್ಲ.

"ಬಗ್ಗುತ್ತೆ ಅಂದೆ ಸಾರ್. ಮಡಚಬಾರದಿತ್ತು."

"ಎಲ್ಡೂ ಒಂದೇ ಕಣವ್ವ."

ಚರ್ಚಾಸ್ಪರ್ಧೆಯಲ್ಲಿ ಪಳಗಿದ ನನ್ನ ನಾಲಿಗೆ ಸುಮ್ಮನಿರುತ್ತಾ? "ಒಂದೇ ಅಲ್ಲ ಸಾರ್. ನಿಮ್ಮ ಮುಂದೆ ನಿಂತೋರ ಬೆನ್ನೆಲ್ಲ ಬಗ್ಗೈತೆ. ಒಂದನ್ನಾದ್ರೂ ಮಡಚಿ ನೋಡಿ, ಗೊತ್ತಾಯ್ತದೆ."

ಸುತ್ತಲಿನವರು ಯಜಮಾನರ ಮುಖ ನೋಡಿದರು. ಅವರು ಹೊಟ್ಟೆ ಕುಣಿಸಿ ನಕ್ಕ ಮೇಲೆ ತಾವೂ ನಕ್ಕರು.

"ಬಲೇ ಮಾತುಗಾರ ಕಣ್ಲಾ ನೀನು! ಲಾ ಓದ್ಲಾ, ನಾನ್ ಓದುಸ್ತೀನಿ." ಆಮೇಲೆ ಅಕ್ಕನ ಕಡೆ ತಿರುಗಿ, "ನಿಂದು ಮುರುದೋಯ್ತಲ್ಲವ್ವ, ಬುಡು."

ಮುರಿದವರು ಯಾರು ಅಂತ ಕೇಳಲು ಬಾಯಿ ತೆರೆದೆ. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಬಸ್ ಸ್ಟ್ಯಾಂಡಿನಲ್ಲೂ ನನ್ನ ವಾದ ನಿಲ್ಲಲಿಲ್ಲ. ತಪ್ಪು ಅವರದು, ಶಿಕ್ಷೆ ನಿನಗೆ, ಇದು ಯಾವ ನ್ಯಾಯ? ಬಾಯಿಗೆ ಸಿಗೋ ಬೆಲೆ ಕೈಗೆ ಯಾಕಿಲ್ಲ? ಅವರ ದುಡ್ಡು ನನಗೆ ಬೇಡ, ಸಾಯೋವರೆಗೂ ಬೇಡ!

"ಬೇಡ ಅನ್ನಕ್ಕಾದ್ರೂ ನಿಂಗೊಂದು ಸಿಕ್ತಲ್ಲ," ಅಂದಳು.

ಪಾಂಡವಪುರದ ಮೇಲೆ ಮೈಸೂರಿಗೆ ಹೋಗೋ ಬಸ್ಸು ಬಂದು ನಿಂತಿತು. ಕಂಡಕ್ಟರು ಎರಡು ಸಲ ಕೂಗಿದ. ಅಕ್ಕ ಕೂತಲ್ಲಿಂದ ಏಳಲಿಲ್ಲ.