ನಾಲ್ಕು ತಾಲ್ಲೂಕಿನ ಒಂದು ವಿಮಾನ

ಮೈಸೂರಿನಲ್ಲಿ ಹುಣಸೂರು ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟಾರ್ಚು, ದಾರದ ಉಂಡೆ, ಉಕ್ಕಿನ ಟೇಪು ಮತ್ತು ಉದ್ದ ಹಿಡಿಯ ಪುಟ್ಟ ಕನ್ನಡಿ ಇದ್ದವು. ಟಿಕೆಟ್ಟಿಗೆ ಚಿಲ್ಲರೆ ಹುಡುಕುವಾಗ ಕನ್ನಡಿ ಕೆಳಗೆ ಬಿತ್ತು. ಪಕ್ಕದ ಸೀಟಿನ ಹಿರಿಯರು ಅದನ್ನು ಎತ್ತಿಕೊಟ್ಟು, "ಹಲ್ಲಿನ ಡಾಕ್ಟ್ರಾ ಸಾರ್?" ಎಂದು ಕೇಳಿದರು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿರುವ ವಿಮಾನ ನೋಡಲು ಹೋಗುತ್ತಿದ್ದೇನೆ ಎಂದರೆ ಅವರು ಸೀಟು ಬದಲಾಯಿಸುತ್ತಿದ್ದರೋ ಏನೋ. ಹೌದು ಎಂದು ತಲೆಯಾಡಿಸಿದೆ. ಹುಣಸೂರು ಬರುವವರೆಗೂ ಅವರು ತಮ್ಮ ದವಡೆ ಹಲ್ಲಿನ ಕಷ್ಟ ಹೇಳಿಕೊಂಡರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು, ಮಾರ್ಚ್ ತಿಂಗಳು. ನನ್ನನ್ನು ಕರೆಸಿಕೊಂಡವನು ಶಿವಣ್ಣ. ವಾಯುಪಡೆಯಲ್ಲಿ ನಾವಿಬ್ಬರೂ ಒಂದೇ ಹ್ಯಾಂಗರಿನಲ್ಲಿ ಕೆಲಸ ಮಾಡಿದವರು. ಅವನು ಇಂಜಿನ್ ಕಡೆಯವನು, ನಾನು ರೆಕ್ಕೆ, ಬಾಲ, ಚೌಕಟ್ಟಿನ ಕಡೆಯವನು. ನಿವೃತ್ತಿಯಾದ ಮೇಲೆ ನಾನು ಮೈಸೂರಿನಲ್ಲಿ ಮನೆ ಮಾಡಿ ಗುಲಾಬಿ ಗಿಡಕ್ಕೆ ನೀರು ಹಾಕುತ್ತ ಕೂತೆ. ಅವನು ಊರಿಗೆ ಹಿಂತಿರುಗಿ ಹೊಗೆಸೊಪ್ಪು ಬೆಳೆದ, ಬಿಡುವಿನಲ್ಲಿ ಒಂದು ಕ್ಲಬ್ಬಿಗೆ ಹೋಗಿ ಹಾರುವುದನ್ನೂ ಕಲಿತ. ಆಮೇಲೆ ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬರುವ, ನಕ್ಷೆ ನೋಡಿಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ತರಿಸಿದ.

ಅನುಮತಿಗೆ ಅರ್ಜಿ ಹೋಗಿತ್ತು, ಪರೀಕ್ಷಿಸುವವರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವನಿಗೆ ತಡೆಯಲಾಗಲಿಲ್ಲ. ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿ, "ಭಾನುವಾರ ಒಂದೇ ಒಂದ್ಸಲ ನೆಲ ಬುಟ್ಟು ಎದ್ದು ಇಳಿಸ್ಬುಡ್ತೀನಿ ಕಣೋ ಮೂರ್ತಿ. ನೀನು ಬಂದು ನೋಡಿ ಸರಿ ಅದೆ ಅನ್ನು" ಎಂದ.

"ಸರಿ ಇಲ್ಲ ಅಂದ್ರೆ?" ಎಂದೆ.

"ಅಂಗನ್ಬ್ಯಾಡ" ಎಂದು ಫೋನ್ ಇಟ್ಟುಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಗೆಳೆಯನ ಪ್ರಾಣಕ್ಕೆ ನನ್ನ ಬಾಯಿಂದ ಒಂದು ಪ್ರಮಾಣಪತ್ರ ಬೇಕಾಗಿತ್ತು ಅವನಿಗೆ. ಹೋಗಬಾರದು ಎಂದುಕೊಂಡೆ. ಆದರೆ ನಾನು ಹೋಗದಿದ್ದರೂ ಭಾನುವಾರ ಬಂದೇ ಬರುತ್ತಿತ್ತು.

ಹುಣಸೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸೆಟ್ ದೋಸೆ ತಿನ್ನುತ್ತಿರುವಾಗಲೇ ಶಿವಣ್ಣನ ಜೀಪು ಬಂತು. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ನಗು ಮಾತ್ರ ಹಳೆಯದು. ದಾರಿಯುದ್ದಕ್ಕೂ ವಿಮಾನದ ಪರಿಸ್ಥಿತಿ ವಿವರಿಸಿದ. ಒಡಲು ಪಿರಿಯಾಪಟ್ಟಣದ ಹತ್ತಿರ ಅವನ ಊರಿನಲ್ಲಿತ್ತು. ಲಾರಿಯಲ್ಲಿ ಬರುವಾಗ ಬಾಲದ ಒಂದು ಕೊಳವೆ ಬಾಗಿದ್ದರಿಂದ ಅದನ್ನು ರಿಪೇರಿಗೆ ಕೆ.ಆರ್. ನಗರದ ಕಡೆ ಇರುವ ಭಾವಮೈದ ನಾಗರಾಜನಿಗೆ ಕೊಟ್ಟಿದ್ದ. ರೆಕ್ಕೆಗಳು ಎಚ್.ಡಿ. ಕೋಟೆಯ ಹತ್ತಿರ ಅವನ ತಾಯಿ ಕಡೆಯಿಂದ ಬಂದ ಒಣಹೊಲದಲ್ಲಿದ್ದವು. ಹಾರುವುದೂ ಅಲ್ಲಿಂದಲೇ, ಏಕೆಂದರೆ ಅಲ್ಲಿ ಕರೆಂಟ್ ತಂತಿ ಇಲ್ಲ. ಒಂದು ವಿಮಾನ ಹಾರುವ ಮೊದಲೇ ಇಷ್ಟೊಂದು ಊರು ಸುತ್ತಿದ್ದು ನನ್ನ ಸೇವೆಯಲ್ಲಿ ನಾನು ಕಂಡಿರಲಿಲ್ಲ.

ಹೊಗೆಸೊಪ್ಪಿನ ಹರಾಜು ಮುಗಿದು ಬ್ಯಾರನ್ನುಗಳೆಲ್ಲ ಖಾಲಿಯಾಗಿದ್ದವು. ಶಿವಣ್ಣನ ಬ್ಯಾರನ್ನಿನ ಎತ್ತರದ ಮಣ್ಣಿನ ಗೋಡೆಗಳ ನಡುವೆ, ಸೊಪ್ಪು ಬೇಯಿಸಿದ ಘಾಟಿನಲ್ಲಿ, ವಿಮಾನದ ಒಡಲು ನಿಂತಿತ್ತು. ಟಾರ್ಚು ಹಿಡಿದು ಮೂಲೆಮೂಲೆ ನೋಡಿದೆ. ಕೆಲಸ ಚೊಕ್ಕವಾಗಿತ್ತು. ನಕ್ಷೆಯಲ್ಲಿ ಸೀಟಿಗೆ ಕಟ್ಟಿದ್ದ ಬೆಲ್ಟನ್ನು ಅವನು ಚೌಕಟ್ಟಿಗೇ ಕಟ್ಟಿದ್ದ. ಹೊಗೆ ಕೊಳವೆಯ ಬಿಸಿ ವಿಮಾನಕ್ಕೆ ಹೊದಿಸಿದ ಬಟ್ಟೆಗೆ ತಾಗದಂತೆ ನಡುವೆ ಒಂದು ತಗಡು ಕೊಟ್ಟಿದ್ದ. ಎರಡನ್ನೂ ಮನಸಾರೆ ಮೆಚ್ಚಿದೆ. ಆಮೇಲೆ ಪೆಟ್ರೋಲ್ ಟ್ಯಾಂಕು ಕಂಡಿತು. ಕಂಪನಿ ಕೊಟ್ಟಿದ್ದ ಪುಟ್ಟ ಟ್ಯಾಂಕು ಬಿಟ್ಟು, ದೂರ ಹಾರುವ ಆಸೆಯಿಂದ ದೊಡ್ಡದೊಂದನ್ನು ಸೀಟಿನ ಹಿಂದೆ ಕೂರಿಸಿದ್ದ. ಪೆಟ್ರೋಲ್ ನಿಲ್ಲಿಸುವ ತಿರುಪೂ ಅದರ ಜೊತೆ ಹಿಂದಕ್ಕೆ ಹೋಗಿತ್ತು.

"ಬೆಲ್ಟು ಕಟ್ಕೊಂಡು ಕೂತ್ಕೋ" ಎಂದೆ. ಕೂತ. "ಈಗ ಇಂಜಿನ್ನಿಗೆ ಬೆಂಕಿ ಬಿದ್ದಿದೆ. ಪೆಟ್ರೋಲ್ ನಿಲ್ಲಿಸು."

ಕೈ ಹಿಂದಕ್ಕೆ ಚಾಚಿ, ಭುಜ ತಿರುಚಿ, ಬೆನ್ನಿನ ನಡುವೆ ತುರಿಕೆ ಬಂದವನ ಹಾಗೆ ಒದ್ದಾಡಿದ. ತಿರುಪು ಸಿಗಲಿಲ್ಲ. ಬಾಗಿಲಲ್ಲಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ಅವನ ಹೆಂಡತಿ ಜಯಮ್ಮ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ, "ಬೆಂಕಿ ಗಿಂಕಿ ಅಂತ ಬಾಯಲ್ಲಿ ಅನ್ಬ್ಯಾಡಿ ಮೂರ್ತಣ್ಣ" ಎಂದರು.

ಆ ಸಂಜೆಯೇ ತಿರುಪನ್ನು ಸೀಟಿನ ಮುಂದಕ್ಕೆ ತಂದೆವು. ಟ್ಯಾಂಕನ್ನು ತೆಗೆ ಎಂದರೆ ಶಿವಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬಡಿಸುತ್ತ ಜಯಮ್ಮ ಕೇಳಿದರು: "ಮಿಕ್ಕಿದ್ದು ಎಂಗಾರ ಇರ್ಲಿ. ಬಾಲ ಮಾತ್ರ ಗಟ್ಟಿಯಾಗಿ ಅದೆ ಬುಡಿ, ನಮ್ ತಮ್ಮ ಮಾಡವ್ನೆ. ಇವ್ರು ಮೇಲಕ್ಕೋದ್ರೆ ನಂಗೆ ಜೀವ ಬಾಯಿಗೆ ಬತ್ತದೆ. ನೀವ್ ಹೇಳಿ, ಏನೂ ಆಗಕಿಲ್ವಲ್ಲ?"

ನಾಳೆ ನೋಡಿ ಹೇಳುತ್ತೇನೆ ಎಂದೆ. ಅವರಿಗೆ ಆ ಉತ್ತರ ಹಿಡಿಸಲಿಲ್ಲ, ಇನ್ನೊಂದು ಸೌಟು ಸಾರು ಮಾತ್ರ ಹಾಕಿದರು.

ಮಾರನೆಯ ಬೆಳಿಗ್ಗೆ ಮತ್ತೆ ಹುಣಸೂರು ಹಾದು ಕೆ.ಆರ್. ನಗರಕ್ಕೆ ಹೊರಟೆವು. ಹೊಗೆಸೊಪ್ಪಿನ ಕೆಂಪು ಹೊಲಗಳು ಹಿಂದೆ ಸರಿದು, ಚುಂಚನಕಟ್ಟೆಯ ಕಡೆ ಕಾಲುವೆ ನೀರಿನ ತಂಪು ಮುಖಕ್ಕೆ ತಾಗಿತು. ಗದ್ದೆ ಬದುವಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ನಾಗರಾಜನ ಶೆಡ್ಡು ಸಾಲಿಗ್ರಾಮದ ರಸ್ತೆಯಲ್ಲಿತ್ತು. ಅವನು ಟ್ರ್ಯಾಕ್ಟರ್ ಟ್ರೇಲರ್ ಮಾಡುವವನು. ಆ ಕಡೆ ಹೊಸ ಟ್ರೇಲರ್ ಮಾಡಿಸಿದರೆ ಹಿಂಭಾಗಕ್ಕೆ ಒಂದು ಕಬ್ಬಿಣದ ಪಟ್ಟಿ ಜಾಸ್ತಿ ಹಾಕಿಸದೆ ಯಾರೂ ಒಯ್ಯುವುದಿಲ್ಲ, ಏಕೆಂದರೆ ಅಳತೆ ನೋಡಿ ಕಬ್ಬು ತುಂಬುವವರು ಅಲ್ಲಿ ಯಾರೂ ಇಲ್ಲ.

ಬಾಲವನ್ನು ಎತ್ತಲು ಹೋದೆ. ಒಂದು ಕೈಯಲ್ಲಿ ಏಳಬೇಕಾಗಿದ್ದ ವಸ್ತು ಅದು. ಎರಡು ಕೈ ಹಾಕಿದರೂ ಸೊಂಟ ಹಿಡಿದುಕೊಂಡಿತು. ಬಾಗಿದ್ದ ಒಂದು ಕೊಳವೆಯ ಜೊತೆ ನೆಟ್ಟಗಿದ್ದವುಗಳ ಮೇಲೂ ಪಟ್ಟಿಗಳನ್ನು ಬೆಸೆದಿದ್ದ, ಮೇಲೆ ನೀಲಿ ಬಣ್ಣ ಹೊಡೆದು ಹೊಳಪು ಬರಿಸಿದ್ದ.

"ಕಬ್ಬು ತುಂಬುದ್ರೂ ಅಲ್ಲಾಡಕಿಲ್ಲ ಸಾರ್" ಎಂದ ನಾಗರಾಜ, ಹೆಮ್ಮೆಯಿಂದ. "ಅಕ್ಕ ಹೇಳ್ಕಳ್ಸಿದ್ಲು, ಭಾವ ಕೂತ್ಕಳೋದು, ಗಟ್ಟಿಯಾಗಿ ಮಾಡು ಅಂತ. ಅಕ್ಕನ ಮನೆಗೆ ಅಂದ್ಮೇಲೆ ಅಳತೆಗೆ ಸರಿಯಾಗಿ ಕೊಡಕ್ಕಾಯ್ತದಾ?"

ಅವರ ಮನೆಯ ಪದ್ಧತಿ ಹಾಗೆ. ಜಯಮ್ಮನ ಮನೆಗೆ ಅಕ್ಕಿ ಕಳಿಸುವಾಗ ಸೇರು ತುಂಬಿದ ಮೇಲೆ ಇನ್ನೊಂದು ಹಿಡಿ ಸುರಿಯದೆ ಚೀಲ ಕಟ್ಟುವುದಿಲ್ಲವಂತೆ. ಕಬ್ಬಿಣಕ್ಕೂ ಅದೇ ಪ್ರೀತಿ ತೋರಿಸಿದ್ದ. ಬೈಯಲು ಬಾಯಿ ತೆರೆದವನಿಗೆ ಬೈಗುಳ ಬರಲಿಲ್ಲ. ನೆಲದ ಮೇಲೆ ಗೆರೆ ಎಳೆದು ಇಬ್ಬರಿಗೂ ಹೇಳಿದೆ: ವಿಮಾನದ ತೂಕ ಮುಂದೆ ಇಷ್ಟು, ಹಿಂದೆ ಇಷ್ಟು ಎಂದು ಲೆಕ್ಕ ಇರುತ್ತದೆ. ಬಾಲ ತುದಿಯಲ್ಲಿರುವುದರಿಂದ ಅಲ್ಲಿ ಒಂದು ಪಟ್ಟಿ ಹಾಕಿದರೂ ಅದು ಬಹಳ ಎಳೆಯುತ್ತದೆ. ಬಾಲ ಜಗ್ಗಿದರೆ ಮೂತಿ ಮೇಲಕ್ಕೇಳುತ್ತದೆ, ವೇಗ ಬೀಳುತ್ತದೆ, ಮತ್ತೆ ಮೂತಿ ಇಳಿಸಲು ಆಗುವುದಿಲ್ಲ. ಸಾಲದ್ದಕ್ಕೆ ಬೆಸುಗೆಯ ಬಿಸಿಗೆ ಆ ತೆಳು ಕೊಳವೆಗಳ ಕಸುವೂ ಹೋಗಿರುತ್ತದೆ. ಹೊಸ ಕೊಳವೆ ತರಿಸಿ ಬಾಲವನ್ನು ಮೊದಲಿನಿಂದ ಮಾಡಬೇಕು.

"ಮುಂದೆ ಒಂದು ಮರಳಿನ ಮೂಟೆ ಕಟ್ಟುದ್ರೆ ಸಮ ಆಯ್ತದಲ್ಲ" ಎಂದ ಶಿವಣ್ಣ.

"ಆಗ ಹಾರೋದಿಲ್ಲ, ಟ್ರೇಲರ್ ಆಗುತ್ತೆ" ಎಂದೆ.

ಅವನ ಮುಖ ಕಪ್ಪಿಟ್ಟಿತು. "ತೂಕ ಹಾಕಿ ತೋರ್ಸು. ಬಾಯಲ್ಲಿ ಹೇಳುದ್ರೆ ನಾನ್ ಒಪ್ಪಕಿಲ್ಲ" ಎಂದ. ನಾಗರಾಜನ ಮನೆಯಲ್ಲಿ ಊಟ ಮಾಡಿದೆವು. ಅನ್ನವನ್ನೂ ಅವರು ಅದೇ ಧಾರಾಳದಲ್ಲಿ ಬಡಿಸಿದರು. ಬಾಲವನ್ನು ಜೀಪಿಗೆ ಕಟ್ಟಿ, ನಾಗರಾಜನನ್ನೂ ಕೂರಿಸಿಕೊಂಡು ವಾಪಸಾದೆವು.

ಮರುದಿನ ಒಡಲು ಟ್ರ್ಯಾಕ್ಟರಿನ ಹಿಂದೆ, ನಾವು ಜೀಪಿನಲ್ಲಿ ಎಚ್.ಡಿ. ಕೋಟೆಯ ದಾರಿ ಹಿಡಿದೆವು. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯ ಅಂಗಡಿಯವರೆಲ್ಲ ಎದ್ದು ನಿಂತು ಮೆರವಣಿಗೆ ನೋಡಿದರು. ಹತ್ತಿ ಕಿತ್ತ ಹೊಲ ಚಪ್ಪಟೆಯಾಗಿ ಹರಡಿಕೊಂಡಿತ್ತು, ದೂರದಲ್ಲಿ ಕಾಡಿನ ಅಂಚು ಮಂಜುಮಂಜಾಗಿ ಕಾಣುತ್ತಿತ್ತು. ಜಯಮ್ಮ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲೇ ಬಂದಿದ್ದರು. ಹೊಗೆಸೊಪ್ಪಿನ ಮೂಟೆ ತೂಗುವ ಮೂರು ತೂಕದ ಯಂತ್ರಗಳನ್ನು ಶಿವಣ್ಣ ಊರಿನವರಿಂದ ಕೇಳಿ ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ರೆಕ್ಕೆ, ಬಾಲ ಜೋಡಿಸಿ, ಮೂರು ಚಕ್ರಗಳನ್ನೂ ಒಂದೊಂದು ಯಂತ್ರದ ಮೇಲೆ ನಿಲ್ಲಿಸಿದೆವು. ನಿಜ ಹೇಳುತ್ತೇನೆ, ಆ ಬಯಲಿನಲ್ಲಿ ಬಿಳಿ ರೆಕ್ಕೆ ಚಾಚಿ ನಿಂತ ಅದನ್ನು ನೋಡಿ ನನ್ನ ಕಣ್ಣೂ ತುಂಬಿತು.

ಶಿವಣ್ಣ ಹತ್ತಿ ಕೂತ. ಮುಂದಿನ ಚಕ್ರದ ಕೆಳಗಿನ ಯಂತ್ರದ ಮುಳ್ಳು ತಕ್ಕಮಟ್ಟಿಗೆ ನಿಂತಿತು. ಅವನು ನನ್ನ ಕಡೆ ಗೆದ್ದವನ ಹಾಗೆ ನೋಡಿದ. "ಪೆಟ್ರೋಲ್ ಹುಯ್ಯಿ" ಎಂದು ನಾಗರಾಜನಿಗೆ ಹೇಳಿದೆ. ಕ್ಯಾನು ಬಗ್ಗಿಸುತ್ತಿದ್ದಂತೆ ಮುಳ್ಳು ಇಳಿಯತೊಡಗಿತು. ಟ್ಯಾಂಕು ತುಂಬುವ ಮೊದಲೇ ಮುಂದಿನ ಚಕ್ರ ಮೆಲ್ಲಗೆ ಯಂತ್ರ ಬಿಟ್ಟು ಮೇಲಕ್ಕೆದ್ದಿತು, ಬಾಲ ಹೋಗಿ ನೆಲದ ಮೇಲೆ ಕೂತಿತು. ಶಿವಣ್ಣ ಅಂಗಾತನಾಗಿ ಆಕಾಶ ನೋಡುತ್ತ ಉಳಿದ.

ಯಾರೂ ನಗಲಿಲ್ಲ. ಜಯಮ್ಮ ಬುತ್ತಿ ಕೆಳಗಿಟ್ಟು ಹತ್ತಿರ ಬಂದರು. "ಇದ್ಯಾಕೆ ಹಿಂದಕ್ಕೆ ಕುಕ್ಕರುಸ್ತು ಮೂರ್ತಣ್ಣ?"

ನಾಗರಾಜ ನೆಲ ನೋಡಿದ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. "ಬಾಲಕ್ಕೆ ಹಾಕಿದ ಕಬ್ಬಿಣ ಹೆಚ್ಚಾಗಿದೆಯಮ್ಮ. ಅದೊಂದೇ ಅಲ್ಲ, ಇವನ ಟ್ಯಾಂಕೂ ಸೇರಿದೆ. ಹೀಗೇ ಮೇಲಕ್ಕೆ ಹೋದರೆ ಇಳಿಯೋದು ಕಷ್ಟ."

"ಕಬ್ಬಿಣ ಆಕ್ಸಿದ್ದು ನಾನೇ" ಎಂದರು ಜಯಮ್ಮ. ಅವರ ಮುಖ ನೋಡಲು ನನಗೆ ಸಂಕಟವಾಯಿತು.

ನಾವು ಬಾಲ ಎತ್ತಿ ಹಿಡಿದು ಶಿವಣ್ಣನನ್ನು ಇಳಿಸಿ, ಅರ್ಧ ಪೆಟ್ರೋಲ್ ವಾಪಸು ಕ್ಯಾನಿಗೆ ಇಳಿಸಿದೆವು. ವಿಮಾನ ಮತ್ತೆ ಮೂರು ಚಕ್ರದ ಮೇಲೆ ನಿಂತಿತು. ಇಷ್ಟಾದ ಮೇಲಾದರೂ ಬುದ್ಧಿ ಬಂದಿರುತ್ತದೆ ಎಂದುಕೊಂಡೆ. ಅವನು ಮೀಸೆ ತೀಡಿಕೊಂಡು, "ಅರ್ಧ ಟ್ಯಾಂಕಲ್ಲಿ ಸರಿಯಾಗೇ ನಿಂತದಲ್ಲ. ಭಾನುವಾರ ಇಷ್ಟರಲ್ಲೇ ಒಂದ್ಸಲ ಎದ್ದು ಇಳಿಸ್ಬುಡ್ತೀನಿ. ಬಾಲ ಮಳೆಗಾಲ ಕಳುದ್ಮೇಲೆ ಮಾಡ್ಸಿದ್ರಾಯ್ತು" ಎಂದ.

ನಾನು ಕೂಗಾಡಿದೆ. ಬೆಸುಗೆ ಬಿಟ್ಟರೆ ಏನು ಗತಿ ಎಂದೆ, ಸರಿ ಇದೆ ಎಂದು ನನ್ನ ಬಾಯಿಂದ ಬರುವುದಿಲ್ಲ ಎಂದೆ. "ನೀನ್ ಅನ್ನದಿದ್ರೆ ಬ್ಯಾಡ ಬುಡು" ಎಂದ. ಹೊಲ ಅವನದು, ವಿಮಾನ ಅವನದು. ಅವನನ್ನು ಕಟ್ಟಿಹಾಕಲು ನನ್ನ ಹತ್ತಿರ ದಾರದ ಉಂಡೆ ಮಾತ್ರ ಇತ್ತು.

ಅಷ್ಟರಲ್ಲಿ ಜಯಮ್ಮ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ವಿಮಾನದ ಇನ್ನೊಂದು ಸೀಟಿಗೆ ಹತ್ತಿದರು. ಬೆಲ್ಟಿನ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಹೇಗೆ ಹಾಕುವುದೆಂದು ತಿರುಗಿಸಿ ನೋಡತೊಡಗಿದರು.

"ಏಯ್, ಏನೇ ಇದು?" ಎಂದ ಶಿವಣ್ಣ.

"ಭಾನುವಾರ ನಾನೂ ಬತ್ತೀನಿ."

"ನೀನ್ ಬ್ಯಾಡ."

"ಯಾಕ್ ಬ್ಯಾಡ? ಸರಿಯಾಗೇ ನಿಂತದೆ ಅಂದ್ರಲ್ಲ ಈಗ."

"ನೀನ್ ಇಳಿ ಮೊದ್ಲು."

"ಯಾಕ್ ಬ್ಯಾಡ ಹೇಳಿ. ಹೇಳುದ್ರೆ ಇಳೀತೀನಿ."

ಶಿವಣ್ಣ ರೆಕ್ಕೆಯ ಮೇಲೆ ಕೈಯೂರಿ ತಲೆ ತಗ್ಗಿಸಿದ. ಗಾಳಿಗೆ ಅದರ ಬಟ್ಟೆ ಸಣ್ಣಗೆ ಪಟಪಟ ಅನ್ನುತ್ತಿತ್ತು. ಜಯಮ್ಮ ಇಳಿಯಲಿಲ್ಲ, ಅವನನ್ನೇ ನೋಡುತ್ತಿದ್ದರು. ಕೊನೆಗೆ ಅವನು ತಲೆಯೆತ್ತದೆಯೇ ಹೇಳಿದ:

"ನಾಗರಾಜ, ಗರಗಸ ತಕ್ಕಬಾ. ಕುಯ್ದಾಕು ಆ ಬಾಲವ."

ಬುತ್ತಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಸಂಜೆ ಬಸ್ಸಿಗೆ ಹೊರಟೆ. ಟ್ರ್ಯಾಕ್ಟರಿನವನು ಹ್ಯಾಂಡ್‌ಪೋಸ್ಟಿನವರೆಗೆ ಬಿಡುತ್ತೇನೆಂದ. ಹೊಲದ ಅಂಚು ದಾಟುವಾಗ ತಿರುಗಿ ನೋಡಿದೆ. ನಾಗರಾಜ ಮಂಡಿಯೂರಿ ತನ್ನದೇ ಬೆಸುಗೆಯನ್ನು ಕೊಯ್ಯುತ್ತಿದ್ದ. ಬಾಲ ಅಲ್ಲಾಡದಂತೆ ಒಂದು ಕಡೆ ಜಯಮ್ಮ, ಇನ್ನೊಂದು ಕಡೆ ಶಿವಣ್ಣ ಎರಡು ಕೈಯಲ್ಲೂ ಹಿಡಿದು ಕೂತಿದ್ದರು.